ಜೀನಗಾರನ ಮನೆ, ಹುಳುವಿನ ಮನೆ

(ಆಂಧ್ರದ ಗಡಿಯ ಊರು ಹೇಮಾವತಿಯಲ್ಲಿ ರೇಷ್ಮೆ ಸಾಕುವ ಸೋದರಮಾವ, ಬೆಂಗಳೂರಿನಲ್ಲಿ ವಸ್ತ್ರವಿನ್ಯಾಸ ಕಲಿಸುವ ಸೋದರಸೊಸೆ. ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದೆ. ಸೊಪ್ಪು ಹಾಕುವ ಕೆಲಸವಿಲ್ಲ.)

– ಪ್ಯಾರಿಸ್ಸಿನಲ್ಲಿ ಒಂದು ಹಳೇ ಕೈಚೀಲ ಹರಾಜಾಯಿತು ಅಂತ ಪೇಪರಿನಲ್ಲಿ ಓದಿದೆ. ಎಂಬತ್ತು ಕೋಟಿ ರೂಪಾಯಿಗೂ ಮೇಲೆ ಅಂತ ಬರೆದಿತ್ತು. ಅಚ್ಚಿನ ತಪ್ಪು ಇರಬೇಕು ಅಂದ್ಕೊಂಡೆ.

– ತಪ್ಪಲ್ಲ ಮಾವ. 2025ರ ಜುಲೈನಲ್ಲಿ, ಸುಮಾರು 86 ಲಕ್ಷ ಯೂರೋಗೆ ಹೋಯಿತು. ಜೇನ್ ಬಿರ್ಕಿನ್ ಅನ್ನೋ ನಟಿ, ಗಾಯಕಿ ಬಳಸ್ತಿದ್ದ ಚೀಲ. ಒಮ್ಮೆ ವಿಮಾನದಲ್ಲಿ ಆಕೆಯ ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ ಕಂಪನಿಯ ಯಜಮಾನ ಜಾನ್-ಲೂಯಿ ದ್ಯೂಮಾ. ಮಗುವಿನ ಸಾಮಾನೆಲ್ಲ ಹಿಡಿಯೋವಂಥ ಒಳ್ಳೇ ಚೀಲ ಎಲ್ಲೂ ಸಿಗಲ್ಲ ಅಂತ ಆಕೆ ಹೇಳಿದಳು. ಆ ಮಾತಿನಿಂದ 1984ರಲ್ಲಿ ಬಿರ್ಕಿನ್ ಚೀಲ ಹುಟ್ಟಿತು. ಹರಾಜಾಗಿದ್ದು ಆಕೆಗೆ ಅಂತಲೇ ಮಾಡಿದ ಮೊದಲನೆಯದು. ನಾನು ಈ ವರ್ಷ ಮಕ್ಕಳಿಗೆ ಪಾಠ ಮಾಡ್ತಿರೋದು ಆ ಎರ್ಮೆಸ್ ಮನೆಯ ಚರಿತ್ರೆಯನ್ನೇ.

– ನಿನ್ನ ಮಕ್ಕಳಿಗೆ ಅದರಿಂದ ಏನು ಪ್ರಯೋಜನ? ಎಂಬತ್ತು ಕೋಟಿ ಕೊಟ್ಟವನು ಚೀಲ ಕೊಂಡನೋ, ಆ ನಟಿಯ ಹೆಸರು ಕೊಂಡನೋ?

– ಹೆಸರನ್ನೇ ಕೊಂಡ. ಅದಕ್ಕೇ ನಾನು ಪಾಠವನ್ನ ಆ ಹರಾಜಿನಿಂದ ಶುರು ಮಾಡಲ್ಲ, 1801ರಿಂದ ಶುರು ಮಾಡ್ತೀನಿ. ಕ್ರೆಫೆಲ್ಡ್ ಅಂತ ಒಂದು ಊರು, ಈಗ ಜರ್ಮನಿಯಲ್ಲಿದೆ, ಆಗ ನೆಪೋಲಿಯನ್ನನ ಫ್ರಾನ್ಸಿಗೆ ಸೇರಿತ್ತು. ರೇಷ್ಮೆ, ಮಕಮಲ್ಲು ನೇಯೋ ಊರು. ಅಲ್ಲಿ ಹುಟ್ಟಿದ ತಿಯರಿ ಎರ್ಮೆಸ್ ತಂದೆತಾಯಿಯನ್ನ ಕಳಕೊಂಡು ಫ್ರಾನ್ಸಿಗೆ ಬಂದು, ಕುದುರೆಯ ಸಜ್ಜು ಹೊಲಿಯೋದನ್ನ ಕಲಿತ. 1837ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಕಾರ್ಯಾಗಾರ ತೆರೆದ. ಬಾರು, ಕಡಿವಾಣ, ಗಾಡಿಗೆ ಕಟ್ಟೋ ಪಟ್ಟಿ ಇಷ್ಟೇ ಕೆಲಸ. ಆಮೇಲೆ ಮಗ ಜೀನು ಮಾಡೋದನ್ನೂ ಸೇರಿಸಿದ, 1880ರಲ್ಲಿ ಫೋಬೂರ್ ಸೇಂಟ್-ಒನೊರೆ ಬೀದಿಯ 24ನೇ ನಂಬರಿಗೆ ಅಂಗಡಿ ತಂದ. ಇವತ್ತಿಗೂ ಅದೇ ವಿಳಾಸ.

– ಅಂದರೆ ಜೀನಗಾರರ ಮನೆ.

– ಹೌದು, ಜೀನಗಾರರೇ. ಚರ್ಮಕ್ಕೆ ಹಾಕೋ ಹೊಲಿಗೆಯೇ ಆ ಮನೆಯ ಮೂಲಧನ. ಒಂದೇ ನಾರಿನ ದಾರ, ಅದಕ್ಕೆ ಜೇನುಮೇಣ ಸವರಿರ್ತಾರೆ. ದಾರದ ಎರಡು ತುದಿಗೂ ಎರಡು ಸೂಜಿ. ಒಂದೇ ತೂತಿನಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಹಾದುಹೋಗಬೇಕು. ಒಂದು ಹೊಲಿಗೆ ತುಂಡಾದರೂ ಪಕ್ಕದ್ದು ಬಿಚ್ಚಿಕೊಳ್ಳಲ್ಲ. ಸವಾರನ ಜೀವ ಆ ಹೊಲಿಗೆಯ ಮೇಲೆ ನಿಂತಿತ್ತಲ್ಲ, ಅದಕ್ಕೇ ಹಾಗೆ. ಮೆಷೀನು ಮೇಲೊಂದು ಕೆಳಗೊಂದು ದಾರ ಇಟ್ಟು ನಡುವೆ ಕೊಂಡಿ ಹಾಕುತ್ತೆ. ಈ ಹೊಲಿಗೆ ಅದಕ್ಕೆ ಬರಲ್ಲ.

– ನಮ್ಮೂರಿನಲ್ಲೂ ಅಂಥ ಹೊಲಿಗೆ ಇತ್ತು. ನೀನು ನೋಡಿಲ್ಲ. ನಾನು ಹುಡುಗನಾಗಿದ್ದಾಗ ಎಲ್ಲ ತೋಟದಲ್ಲೂ ಕಪಿಲೆ ಬಾವಿ. ಜೋಡೆತ್ತು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೀಬೇಕು, ಮಿಣಿ ಎಳೀಬೇಕು, ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರಬೇಕು. ಅಷ್ಟು ಭಾರ ಹೊತ್ತ ಬಾನಿ ಒಂದು ಹನಿ ಸೋರಬಾರದು. ದಬ್ಬಳದಲ್ಲಿ ತೂತು ಮಾಡಿ, ಚರ್ಮದ್ದೇ ಬಾರು ಎಳೆದು ಬಿಗೀತಿದ್ದರು. ಮಾದಿಗರ ಕೇರಿಯ ಒಬ್ಬ ಅಜ್ಜ ಹೊಲಿದರೆ ವರ್ಷಗಟ್ಟಲೆ ಅದನ್ನ ಮುಟ್ಟಬೇಕಾಗಿರಲಿಲ್ಲ. ಸುತ್ತ ಹಳ್ಳಿಯವರು ಆತನನ್ನೇ ಹುಡುಕಿಕೊಂಡು ಬರ್ತಿದ್ದರು. ಆಮೇಲೆ ಡೀಸೆಲ್ ಎಂಜಿನ್ ಬಂತು, ಕರೆಂಟು ಮೋಟರ್ ಬಂತು. ಬಾವಿಯಿಂದ ಕಪಿಲೆ ಹೋಯಿತು, ಬಾನಿ ಹೋಯಿತು. ಆತನ ಮಕ್ಕಳು ಕೂಲಿಗೆ ಹೋದರು. ಆ ಹೊಲಿಗೆ ಗೊತ್ತಿರೋರು ಈಗ ಒಬ್ಬರೂ ಇಲ್ಲ.

– ಎರ್ಮೆಸ್ ಮನೆಗೂ ಅದೇ ಬಂತು ಮಾವ. ಕುದುರೆ ಹೋಗಿ ಕಾರು ಬಂತು. ತಿಯರಿಯ ಮೊಮ್ಮಗ ಎಮಿಲ್-ಮೊರಿಸ್ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಕಾರಿನ ಕಾಲ ಬಂತು ಅನ್ನೋದನ್ನ ಕಣ್ಣಾರೆ ಕಂಡ. ಅಲ್ಲಿ ಕಾರಿನ ಮುಸುಕಿಗೆ ಜಿಪ್ ಹಾಕಿದ್ದರು. ಫ್ರಾನ್ಸಿನಲ್ಲಿ ಅದನ್ನ ಬಳಸೋ ಹಕ್ಕು ತಂದು, ಕುದುರೆಯ ಸಜ್ಜು ಹೊಲೀತಿದ್ದ ಅದೇ ಜನರ ಕೈಯಲ್ಲಿ ಪ್ರಯಾಣದ ಪೆಟ್ಟಿಗೆ, ಕೈಚೀಲ, ಚರ್ಮದ ಅಂಗಿ ಮಾಡಿಸಿದ. ಕೈ ಅದೇ, ಹೊಲಿಗೆ ಅದೇ, ವಸ್ತು ಮಾತ್ರ ಬೇರೆ. ನಾನು ಅದನ್ನ ಅವರ ಚರಿತ್ರೆಯ ದೊಡ್ಡ ಘಟ್ಟ ಅಂತ ಪಾಠ ಮಾಡ್ತೀನಿ.

– ಮಾಡು. ಆದರೆ ನಮ್ಮ ಅಜ್ಜನನ್ನೂ ಪಕ್ಕದಲ್ಲೇ ಇಟ್ಟು ಪಾಠ ಮಾಡು. ಆತನಿಗೆ ಬುದ್ಧಿ ಕಮ್ಮಿ ಇತ್ತೇ? ಕೈ ಕಮ್ಮಿ ಇತ್ತೇ? ಅವನ ಕೈಯ ಬಾನಿಯ ನೀರು ಎಲ್ಲರ ಗದ್ದೆಗೂ ಬೇಕಿತ್ತು. ಅವನು ಮಾತ್ರ ಜಗಲಿ ಹತ್ತೋ ಹಾಗಿರಲಿಲ್ಲ. ದೊಡ್ಡ ಬೀದಿಯಲ್ಲಿ ಅಂಗಡಿ ಇಡೋ ಮಾತೆಲ್ಲಿ ಬಂತು. ಬ್ಯಾಂಕು ಅವನಿಗೆ ಸಾಲ ಕೊಡ್ತಿತ್ತೇ? ಅವನ ಹೊಲಿಗೆಯಲ್ಲಿ ಒಂದು ಚೀಲ ಮಾಡಿಸೋಣ ಅಂತ ಈ ಊರಿನಲ್ಲಿ ಯಾರಿಗಾದರೂ ಹೊಳೆಯಿತೇ? ನಮ್ಮಪ್ಪನಿಗೂ ಹೊಳೀಲಿಲ್ಲ. ಕಾಲ ಬದಲಾಯಿತು ಅಂತ ಒಂದು ಕಸುಬು ಸಾಯೋದು ಬೇರೆ, ಕಸುಬು ಮಾಡೋನಿಗೆ ಮನುಷ್ಯನ ಲೆಕ್ಕ ಕೊಡದೆ ಅದನ್ನ ಸಾಯಿಸೋದು ಬೇರೆ. ನಮ್ಮಲ್ಲಿ ಆಗಿದ್ದು ಎರಡನೇದು.

– ಒಪ್ಪಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಮಗಾರರಿಗೂ ಆಗಿದ್ದು ಅದೇ. ಅಥಣಿ, ನಿಪ್ಪಾಣಿಯಲ್ಲಿ ಹೊಲಿಯೋ ಚಪ್ಪಲಿಗೆ ಕೊಲ್ಹಾಪುರಿ ಅಂತ ಹೆಸರು. ಅದರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಯೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳಲೇ ಇಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ ಮೂಲ ಒಪ್ಪಿಕೊಂಡರು. ಆಮೇಲೆ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ, ಕರ್ನಾಟಕದ ನಿಗಮ ಲಿಡ್ಕರ್ ಎರಡರ ಜೊತೆಗೂ ಒಪ್ಪಂದಕ್ಕೆ ಬಂದರು. ಗದ್ದಲ ಮಾಡದಿದ್ದರೆ ಅದೂ ಆಗ್ತಿರಲಿಲ್ಲ.

– ಚರ್ಮದ ಮಾತಾಯಿತು. ನನಗೆ ಗೊತ್ತಿರೋದು ರೇಷ್ಮೆ. ಆ ಮನೆಯವರು ರೇಷ್ಮೆಗೆ ಯಾವಾಗ ಬಂದರು?

– 1937ರಲ್ಲಿ, ಕಾರ್ಯಾಗಾರಕ್ಕೆ ನೂರು ವರ್ಷ ತುಂಬಿದಾಗ. ಎಮಿಲ್-ಮೊರಿಸ್‌ನ ಅಳಿಯ ರಾಬರ್ಟ್ ದ್ಯೂಮಾ ಒಂದು ಚೌಕ ವಸ್ತ್ರ ಮಾಡಿಸಿದ, 90 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಜಾಕಿಗಳ ರೇಷ್ಮೆ ಅಂಗಿಯ ಬಣ್ಣಗಳು ಆ ಮನೆಯ ಕಣ್ಣಿಗೆ ಮೊದಲೇ ಒಗ್ಗಿದ್ದವು. ನೇಯ್ಗೆ, ಅಚ್ಚು ಎಲ್ಲ ಲಿಯೋನ್ ಊರಿನಲ್ಲಿ. ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಕಟ್ಟಿ, ಒಂದಾದ ಮೇಲೊಂದು ಒತ್ತಬೇಕು. ಕೆಲವು ವಸ್ತ್ರಕ್ಕೆ 40 ಪರದೆ ದಾಟುತ್ತೆ. ಕೊನೆಗೆ ಅಂಚನ್ನ ಬೆರಳಲ್ಲೇ ಸುತ್ತಿ, ಸೂಜಿಯಲ್ಲಿ ಹೊಲೀತಾರೆ.

– ತೂಕ ಎಷ್ಟು ಬರುತ್ತೆ?

– ಸುಮಾರು 65 ಗ್ರಾಂ.

– ಇರು, ಲೆಕ್ಕ ಹಾಕ್ತೀನಿ. ಬೈವೋಲ್ಟಿನ್ ತಳಿಯ ಗೂಡಾದರೆ ಆರೂವರೆ ಏಳು ಕಿಲೋಗೆ ಒಂದು ಕಿಲೋ ನೂಲು. 65 ಗ್ರಾಂ ಅಂದರೆ ನಾಲ್ಕೂವರೆ ನೂರು ಗ್ರಾಂ ಗೂಡು. ಒಂದು ಗೂಡು ಒಂದೂಮುಕ್ಕಾಲು ಗ್ರಾಂ ತೂಗಿದರೆ ಇನ್ನೂರೈವತ್ತರಿಂದ ಇನ್ನೂರೆಪ್ಪತ್ತು ಗೂಡು. ಹಿಂದೂಪುರದ ಮಾರ್ಕೆಟ್ಟಿನಲ್ಲಿ ಕಿಲೋಗೆ ಆರುನೂರು ಸಿಕ್ಕಿತು ಅಂತ ಇಟ್ಟುಕೋ. ಸೊಪ್ಪು ಬೆಳೆದು, ಹುಳು ಸಾಕಿ, ರಾತ್ರಿ ಎದ್ದು ನೋಡಿಕೊಂಡವನಿಗೆ 270 ರೂಪಾಯಿ. ವಸ್ತ್ರಕ್ಕೆ ಅವರು ಎಷ್ಟು ತಗೊಳ್ತಾರೆ?

– ಅರ್ಧ ಲಕ್ಷದ ಆಸುಪಾಸು.

– ನೋಡು ಮತ್ತೆ. ನಡುವೆ ಎಷ್ಟೊಂದು ಕೆಲಸ ಇದೆ, ಅದು ನನಗೆ ಗೊತ್ತು. ಎಲ್ಲ ಹುಳು ಸಾಕೋನಿಗೇ ಬರಲಿ ಅಂತ ಅನ್ನಲ್ಲ. ಆದರೆ ಚರಿತ್ರೆ ಬರೆಯೋರು ಈ ತುದಿಯಿಂದಲೂ ಒಂದು ಸಲ ಬರೀಬೇಕು. ಅವರ ಗೂಡು ಎಲ್ಲಿಯದು? ಫ್ರಾನ್ಸಿನಲ್ಲಿ ಹುಳು ಸಾಕ್ತಾರಾ?

– ಈಗ ಇಲ್ಲ ಅನ್ನೋ ಹಾಗೆಯೇ. ಅವರ ನೂಲು ಬಹಳ ವರ್ಷದಿಂದ ಬ್ರೆಜಿಲ್‌ನಿಂದ ಬರುತ್ತೆ, ಪರಾನಾ ರಾಜ್ಯದಿಂದ. ಜಪಾನಿನಿಂದ ಅಲ್ಲಿಗೆ ಹೋಗಿ ನೆಲೆಸಿದವರು ಕಟ್ಟಿದ ಕಸುಬು ಅದು. ಆದರೆ ಒಂದು ಕಾಲಕ್ಕೆ ಫ್ರಾನ್ಸಿನ ತೆಂಕಣ ಜಿಲ್ಲೆಗಳ ತುಂಬ ಹಿಪ್ಪುನೇರಳೆ ಮರ, ಮನೆಮನೆಯಲ್ಲೂ ಹುಳು. 1853ರಲ್ಲಿ 26,000 ಟನ್ ಗೂಡು ಬಂದಿತ್ತು. 1865ಕ್ಕೆ ಅದು 4,000 ಟನ್ನಿಗೆ ಇಳಿಯಿತು.

– ರೋಗ ಬಿತ್ತಾ?

– ಗಂಟುರೋಗ.

– ಹಾಗಾದರೆ ಯಾರೂ ಏನೂ ಮಾಡೋ ಹಾಗಿರಲಿಲ್ಲ. ಸುಣ್ಣಕಟ್ಟು ಬಂದರೆ ಮನೆ ಆರಿಸಬಹುದು, ಸುಣ್ಣ ಹಾಕಬಹುದು. ಹಾಲುತೊಂಡೆ ಬಂದರೆ ಆ ಹುಳು ಹೆಕ್ಕಿ ಹೊರಗೆ ಹಾಕಬಹುದು. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತೆ. ನಾವು ಸೊಪ್ಪು ಹಾಕಿ ಸಾಕೋ ಮುಂಚೆಯೇ ಬೆಳೆ ಹೋಗಿರುತ್ತೆ.

– ಅದನ್ನ ಕಂಡುಹಿಡಿದಿದ್ದು ಪಾಶ್ಚರ್. ನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಅದೇ ಲೂಯಿ ಪಾಶ್ಚರ್. 1865ರಲ್ಲಿ ಸರ್ಕಾರದ ಮಾತಿನ ಮೇಲೆ ಅಲೆಸ್ ಅನ್ನೋ ಊರಿಗೆ ಹೋದಾಗ ಅವರಿಗೆ ಹುಳುವಿನ ಗಂಧವೇ ಗೊತ್ತಿರಲಿಲ್ಲ. ಐದು ವರ್ಷ ದುಡಿದರು. ಆ ಅವಧಿಯಲ್ಲೇ ತಂದೆ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ಹೋದರು. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದವು. ಆದರೂ ಬಿಡಲಿಲ್ಲ. ಒಂದೊಂದು ತಾಯಿ ಚಿಟ್ಟೆಯನ್ನೂ ಬೇರೆಬೇರೆ ಇಟ್ಟು ಮೊಟ್ಟೆ ಇಡಿಸೋದು, ಆಮೇಲೆ ಆ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋದು, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡೋದು. 1870ರಲ್ಲಿ ಪುಸ್ತಕ ಬಂತು.

– ಇದು ಮೊಟ್ಟೆ ತಯಾರಿಸೋ ನಮ್ಮ ಬಿತ್ತನೆ ಕೋಠಿಯಲ್ಲಿ ಇವತ್ತೂ ನಡೆಯೋ ಕೆಲಸ ಕಣಮ್ಮ! ನಾನೇ ನೋಡಿದೀನಿ. ಕಲ್ಲಿನ ಕುಟ್ಟಣಿಯಲ್ಲಿ ಚಿಟ್ಟೆ ಅರೆದು, ಗಾಜಿನ ಚೂರಿನ ಮೇಲೆ ಒಂದು ತೊಟ್ಟು ಬಿಟ್ಟು, ಆ ಹುಡುಗಿಯರು ದಿನವಿಡೀ ಕಣ್ಣು ಕೀಲಿಸಿ ನೋಡ್ತಾ ಕೂತಿರ್ತಾರೆ. ಅವರು ಒಂದು ತಪ್ಪು ಮಾಡಿದರೆ ಇಲ್ಲಿ ಎಷ್ಟೋ ಮನೆ ಮುಳುಗುತ್ತೆ. ಅದು ಹೆಣ್ಣುಮಕ್ಕಳನ್ನ ಕಳಕೊಂಡ ಫ್ರಾನ್ಸಿನ ಅಪ್ಪನೊಬ್ಬ ಕಲಿಸಿದ್ದು ಅಂತ ನನಗೆ ಇವತ್ತೇ ಗೊತ್ತಾಗಿದ್ದು.

– ನಮ್ಮ ಕಡೆಯದೂ ಒಂದು ಚರಿತ್ರೆ ಇದೆ. ಮೈಸೂರು ಸರ್ಕಾರ ಮೊದಲ ಮಹಾಯುದ್ಧದ ಹೊತ್ತಿಗೆ ವಾಷಿಂಗ್ಟನ್ ಮಾರಿ ಅನ್ನೋ ಇಟಲಿಯ ತಜ್ಞರನ್ನ ಕರೆಸಿತು, ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಮಾಡಿತು. ಅದಕ್ಕೂ ಮುಂಚೆ ಜಮಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನವರನ್ನಿಟ್ಟು ಫಾರಂ ನಡೆಸಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಹಾಗೇ ಉಳಿದಿದೆ. ಅದಕ್ಕೂ ನೂರು ವರ್ಷ ಹಿಂದೆ ಟಿಪ್ಪು ಬಂಗಾಳದಿಂದ ಹುಳುವಿನ ಬಿತ್ತನೆ ತರಿಸಿದ್ದ. ಇನ್ನೊಂದು ಇದೆ ಮಾವ. ಮೊಳಕಾಲ್ಮೂರಿನಲ್ಲಿ ಮಗ್ಗದ ಮೇಲೆ ತೂತು ತೂತಿನ ರಟ್ಟು ಸರಪಳಿ ಹಾಗೆ ಇಳಿಬಿದ್ದಿರುತ್ತಲ್ಲ?

– ಜಕಾರ್ಡು.

– ಜಕಾರ್ಡ್ ಅನ್ನೋದು ಒಬ್ಬ ಮನುಷ್ಯ. ಜೋಸೆಫ್ ಮಾರಿ ಜಕಾರ್ಡ್, ಲಿಯೋನಿನ ನೇಕಾರನ ಮಗ. 1804ರಲ್ಲಿ ಆ ಯಂತ್ರ ಮಾಡಿದ. ಅಲ್ಲಿತನಕ ಹೂ ಎತ್ತೋಕೆ ಮಗ್ಗದ ಹತ್ತಿರ ಒಬ್ಬ ಹುಡುಗ ದಾರ ಎಳೀತಾ ಕೂತಿರಬೇಕಿತ್ತು. ಫ್ರೆಂಚ್ ಸರ್ಕಾರ ಅದನ್ನ ಸಾರ್ವಜನಿಕ ಸ್ವತ್ತು ಅಂತ ಸಾರಿ ಅವನಿಗೆ ಪಿಂಚಣಿ ಕೊಟ್ಟಿತು. ಹಾಗಾಗಿ ಎಲ್ಲರಿಗೂ ಸಿಕ್ಕಿತು, ಕೊನೆಗೆ ನಮ್ಮ ಗಡಿಗೂ ಬಂತು.

– ಅಂದರೆ ಬಿತ್ತನೆ ನೋಡೋ ರೀತಿ ಅವರದು, ಮಗ್ಗದ ಜಕಾರ್ಡು ಅವರದು. ಎರಡೂ ನಮ್ಮಲ್ಲಿದೆ. ಹುಳು ಸಾಕೋದನ್ನ ಅವರು ಬಿಟ್ಟರು, ನಾವು ಬಿಡಲಿಲ್ಲ. ಮತ್ತೆ ಅವರ ಮನೆಗೆ ಆ ಬೆಲೆ, ನಮ್ಮ ಗೂಡಿಗೆ ಈ ಬೆಲೆ ಯಾಕೆ? ಅದನ್ನ ಹೇಳು. ನೂಲು ಚೆನ್ನಾಗಿಲ್ಲ ಅಂತೀಯಾ?

– ಒಂದು ಕಾಲಕ್ಕೆ ಆ ಮಾತು ನಿಜ. ಮೈಸೂರು ತಳಿಯ ಹಳದಿ ಗೂಡಿನ ನೂಲು ಚಿಕ್ಕದು, ಎಳೆ ಎಳೆಗೂ ದಪ್ಪ ಬೇರೆ. ಅಚ್ಚು ಹಾಕೋ ತೆಳು ಬಟ್ಟೆಗೆ ಒಂದು ಎಳೆ ದಪ್ಪ ಬಂದರೂ ಬಣ್ಣದಲ್ಲಿ ಗೆರೆ ಕಾಣುತ್ತೆ. 1990ರ ದಶಕದಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಜಪಾನಿನವರ ಜೊತೆ ಸೇರಿ ಬಿಸಿಲು ತಡೆಯೋ ಬಿಳಿ ಬೈವೋಲ್ಟಿನ್ ಜೋಡಿ ತಳಿ ಮಾಡಿದರು. ನಿಮ್ಮ ಮನೆಯಲ್ಲಿರೋದು ಅದರ ಸಂತತಿಯೇ.

– ಹೌದು, ಸಿ.ಎಸ್.ಆರ್. ತಳಿ. ಹಿಂದೂಪುರದ ಹತ್ತಿರ ಕಿರಿಕೆರೆ ಸಂಸ್ಥೆಯವರೂ ಬಂದು ಹೇಳಿಕೊಟ್ಟರು. ಕೊಂಬೆ ಸಮೇತ ಸೊಪ್ಪು ಹಾಕೋದು, ಬೇರೆ ಹುಳುಮನೆ ಕಟ್ಟೋದು ಎಲ್ಲ ಕಲಿತೆವು. ಈ ಮಡಕಶಿರ ಸೀಮೆಯ ಜನ ಕಲಿಯೋದರಲ್ಲಿ ಹಿಂದೆ ಬಿದ್ದಿಲ್ಲ. ಮಕ್ಕಳ ಪಾಠ ಕನ್ನಡದಲ್ಲಿ, ಇಲಾಖೆಯ ಕಾಗದ ತೆಲುಗಿನಲ್ಲಿ, ರಾಮನಗರದ ವ್ಯಾಪಾರ ಉರ್ದುವಿನಲ್ಲಿ. ಎಲ್ಲದಕ್ಕೂ ತಯಾರಾಗಿ ಹುಳು ಸಾಕಿದೀವಿ. ಆದರೆ 2011ನೇ ಇಸವಿ ನೆನಪಿದೆಯಾ? ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ಮೂವತ್ತರಿಂದ ಐದು ಪರ್ಸೆಂಟಿಗೆ ಇಳಿಸಿತು. ಚೀನಾ ನೂಲು ನುಗ್ಗಿತು. ಗೂಡಿನ ರೇಟು ಕುಸೀತು. ಹಿಪ್ಪುನೇರಳೆ ಕಿತ್ತು ಎಷ್ಟು ಜನ ಬೇರೆ ಬೆಳೆ ಇಟ್ಟರು!

– ಅದೇ 2011ರಲ್ಲಿ ಎರ್ಮೆಸ್ ಮುಂಬಯಿಯ ಹಾರ್ನಿಮನ್ ಸರ್ಕಲ್ಲಿನಲ್ಲಿ ಅಂಗಡಿ ತೆರೆಯಿತು. ಭಾರತದ ಹೆಂಗಸರಿಗೆ ಅಂತ ಸೀರೆಗಳನ್ನೂ ತಂದಿತು, ಒಂದೊಂದು ಮೂರು ನಾಲ್ಕು ಲಕ್ಷ. ಈ ಎರಡು ಸುದ್ದಿಯನ್ನ ನಾನು ಜೊತೆಗಿಟ್ಟು ನೋಡಿರಲಿಲ್ಲ ಮಾವ.

– ಜೊತೆಗಿಟ್ಟೇ ನೋಡು. ನಾವು ಹಿಪ್ಪುನೇರಳೆ ಕೀಳ್ತಿದ್ದ ವರ್ಷ ಅವರು ನಮ್ಮೂರ ಹೆಂಗಸರಿಗೆ ಸೀರೆ ಮಾರೋಕೆ ಬಂದರು.

– ನಾನು ಆ ಕಂಪನಿಯ ವಕೀಲಳಲ್ಲ. ಅವರ ಮೊಸಳೆ ಚರ್ಮದ ಚೀಲ ನೋಡಿದರೆ ನನಗೆ ಸಂಕಟ. ಬಿರ್ಕಿನ್ ಬೇಕು ಅಂತ ಹೋದವರಿಗೆ ತಕ್ಷಣ ಕೊಡದೆ ಕಾಯಿಸಿ ಕಾಯಿಸಿ ಆಸೆ ಏರಿಸೋದನ್ನೂ ಒಪ್ಪಲ್ಲ. ಆದರೆ ನೀವು ಕೇಳಿದ ‘ಯಾಕೆ’ಗೆ ಉತ್ತರ ಅವರ ಕಾರ್ಯಾಗಾರದಲ್ಲಿದೆ. ಒಂದು ಚೀಲವನ್ನ ಮೊದಲ ಹೊಲಿಗೆಯಿಂದ ಕೊನೆಯ ಹೊಲಿಗೆತನಕ ಒಬ್ಬರೇ ಮಾಡ್ತಾರೆ. ಮುಗಿದ ಮೇಲೆ ಒಳಗೆ ತಮ್ಮ ಗುರುತು ಒತ್ತುತ್ತಾರೆ. ಇಪ್ಪತ್ತು ವರ್ಷದ ಮೇಲೆ ಚೀಲ ರಿಪೇರಿಗೆ ಬಂದರೆ, ಯಾರ ಕೈಯದು ಅಂತ ಗೊತ್ತಾಗುತ್ತೆ. ಹೊಸಬರನ್ನ ತಿಂಗಳುಗಟ್ಟಲೆ, ವರ್ಷ ದಾಟಿ ಹಿರಿಯರ ಪಕ್ಕ ಕೂರಿಸಿ ಕಲಿಸ್ತಾರೆ, ಕಲಿಯೋವಾಗಲೂ ಸಂಬಳ. ಒಂದು ಕಾರ್ಯಾಗಾರಕ್ಕೆ ಸುಮಾರು 250–300 ಜನ ಆದರೆ ಅದನ್ನ ಇನ್ನೂ ದೊಡ್ಡದು ಮಾಡಲ್ಲ, ಬೇರೆ ಊರಿನಲ್ಲಿ ಇನ್ನೊಂದು ತೆರೀತಾರೆ. 2010ರಲ್ಲಿ ಎಲ್‌ವಿಎಂಎಚ್ ಅನ್ನೋ ದೊಡ್ಡ ಕಂಪನಿ ಸದ್ದಿಲ್ಲದೆ ಇವರ 17 ಪರ್ಸೆಂಟ್ ಷೇರು ಕೊಂಡು ನುಂಗೋಕೆ ಬಂದಾಗ, ತಿಯರಿಯ ಸಂತತಿಯ ಹತ್ತಾರು ಜನ ತಮ್ಮ ಷೇರೆಲ್ಲ ಒಂದೇ ಕಡೆ ಕೂಡಿಸಿ ಕಟ್ಟಿಹಾಕಿದರು. ಮಾರಿದ್ದರೆ ಒಬ್ಬೊಬ್ಬರಿಗೂ ಎಷ್ಟು ದುಡ್ಡು ಬರ್ತಿತ್ತೋ. ಮಾರಲಿಲ್ಲ. 1837ರಿಂದ ಇದೀವಿ ಅಂತ ಬೋರ್ಡು ಹಾಕೋದು ಸುಲಭ. 1837ರ ಹೊಲಿಗೆ ಇವತ್ತೂ ಯಾರ ಕೈಗಾದರೂ ಬರುತ್ತೆ ಅನ್ನೋ ಹಾಗೆ ನೋಡಿಕೊಂಡರಲ್ಲ, ನನ್ನ ಮಟ್ಟಿಗೆ ಅವರ ಪರಂಪರೆ ಅದು. ಬಿರ್ಕಿನ್ ಅಲ್ಲ.

– ಸರಿ. ಲಿಯೋನಿನ ನೇಕಾರರೂ ಆ ಪರಂಪರೆಗೆ ಸೇರ್ತಾರಾ?

– ಸೇರಬೇಕು. ಆದರೆ ಅವರ ಕಥೆ ಬೇರೆ. 1831ರ ನವೆಂಬರಿನಲ್ಲಿ ಅವರು ದಂಗೆ ಎದ್ದರು. ಮಗ್ಗ ನೇಕಾರನದು, ನೂಲು ವ್ಯಾಪಾರಿಯದು, ತುಂಡಿಗಿಷ್ಟು ಅಂತ ಮಜೂರಿ. ಮಜೂರಿ ಇದಕ್ಕಿಂತ ಕಮ್ಮಿ ಇಳಿಯಬಾರದು ಅಂತ ಒಂದು ದರಪಟ್ಟಿ ಕೇಳಿದರು. ವ್ಯಾಪಾರಿಗಳು ಕೆಲವರು ಒಪ್ಪಲಿಲ್ಲ. ನೇಕಾರರು ಊರನ್ನೇ ಹಿಡಿದರು. ಸೈನ್ಯ ಬಂತು. ದರಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ಬಹಳ ಜನ ಸತ್ತರು.

– ಅದು ಮೊಳಕಾಲ್ಮೂರು, ಧರ್ಮಾವರದ ಲೆಕ್ಕವೇ. ಸಾಹುಕಾರ ಹಾಸು ಕೊಡ್ತಾನೆ, ಜರಿ ಕೊಡ್ತಾನೆ, ಮುಂಗಡ ಕೊಡ್ತಾನೆ. ನೇಯೋನು ಮುಂಗಡ ತೀರಿಸೋಕೆ ನೇಯ್ತಾನೆ. ಕುಟ್ಟು ಹಾಕಿ ಅಂಚಿಗೆ ಒಡಲು ಕೂಡಿಸೋ ಕೈ ಈಗ ಎಷ್ಟಿವೆ? ರಾಯದುರ್ಗದ ಕಡೆ ಹುಡುಗರು ಮಗ್ಗ ಬಿಟ್ಟು ಜೀನ್ಸ್ ಪ್ಯಾಂಟ್ ಹೊಲಿಯೋಕೆ ಹೋದರು. ತಪ್ಪಲ್ಲ, ವಾರಕ್ಕೆ ದುಡ್ಡು ಕೈಗೆ ಬರುತ್ತೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಊರಿನ ಹೆಸರಿಗೆ ಕಾನೂನಿನ ಕಾವಲಿದೆ, ನೇಯೋನಿಗೆ ಏನಿದೆ?

– ನಮ್ಮಲ್ಲೂ ಒಂದು ಮನೆ ಹಾಗೆ ನಿಂತಿದೆ ಮಾವ, ಮರೀಬೇಡಿ. ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಚಿನ್ನದ ಜರಿ, ಶುದ್ಧ ರೇಷ್ಮೆ, ಪ್ರತಿ ಸೀರೆಗೂ ಒಂದು ಸಂಖ್ಯೆ. ಈಚೆಗೆ ಬೆಂಗಳೂರಿನ ಅಂಗಡಿ ಮುಂದೆ ಹೆಂಗಸರು ಬೆಳಗಿನ ಜಾವದಿಂದ ಸಾಲು ನಿಲ್ತಾರೆ, ಟೋಕನ್ ಕೊಡ್ತಾರೆ. ಯಾರೂ ಅಲ್ಲಿ ಕೃತಕವಾಗಿ ಕಾಯಿಸ್ತಿಲ್ಲ. ಬೇಡಿಕೆಯಷ್ಟು ನೇಯೋಕೆ ಆಗ್ತಿಲ್ಲ. ನೂರು ವರ್ಷ ದಾಟಿದ ಸರ್ಕಾರಿ ಕಾರ್ಖಾನೆ ಇಷ್ಟು ಬೇಕಾದ ವಸ್ತು ಮಾಡ್ತಿದೆ ಅನ್ನೋದು ನನಗೆ ಎರ್ಮೆಸ್ಸಿಗಿಂತ ದೊಡ್ಡ ವಿಷಯ.

– ಅದು ನನಗೂ ಹೆಮ್ಮೆ. ಯಾಕೆ ಗೊತ್ತಾ? ಮೈಸೂರು ಸಿಲ್ಕ್ ಸೀರೆಯನ್ನ ಟೀಚರಮ್ಮನೂ ಉಡಬಹುದು, ಚೀಟಿ ಕಟ್ಟಿ ವರ್ಷಕ್ಕೊಂದು. ನಿಮ್ಮತ್ತೆ ತನ್ನದನ್ನ ಮೂವತ್ತು ವರ್ಷ ಉಟ್ಟಳು, ಆಮೇಲೆ ಮಗಳಿಗೆ ಕೊಟ್ಟಳು. ಒಳ್ಳೇ ವಸ್ತು ಊರಿನ ಮದುವೆಗೆ ಸಿಗಬೇಕು. ದೊರೆಗೆ ಮಾತ್ರ ಸಿಗೋದಾದರೆ ಅದು ದೊರೆ ಜೊತೆಯಲ್ಲೇ ಹೋಗುತ್ತೆ. ನಮ್ಮ ಊರನ್ನೇ ನೋಡು. ಹೆಂಜೇರು ಅಂತ ಇದ್ದಾಗ ಇದು ನೊಳಂಬರ ರಾಜಧಾನಿ. ಆ ಕಪ್ಪುಕಲ್ಲಿನ ಕಂಬಕ್ಕೆ ಎಂಥ ನಯ, ದೊಡ್ಡೇಶ್ವರನ ಗುಡಿಯ ಜಾಲಂಧ್ರದಲ್ಲಿ ಎಂಥ ಕುಸುರಿ! ನೊಳಂಬರು ಬಿದ್ದರು. ಚೋಳರು ಇಲ್ಲಿಯ ಕಂಬಗಳನ್ನೇ ಹೊತ್ತುಕೊಂಡು ಹೋದರು. ತಂಜಾವೂರಿನ ಹತ್ತಿರ ತಿರುವೈಯಾರಿನ ಗುಡಿಯಲ್ಲಿ ಇವತ್ತೂ ನಿಂತಿವೆ. ಇನ್ನಷ್ಟು ಶಿಲ್ಪ ಮದರಾಸಿನ ಮ್ಯೂಸಿಯಂನಲ್ಲಿದೆ. ಗೆದ್ದವನಿಗೂ ಅವು ಬೇಕಿದ್ದವು ಅಂದರೆ ಎಷ್ಟು ಬೆಲೆಯದಿರಬೇಕು! ಆದರೆ ಕಡೆದವನು ಯಾರು? ನೊಳಂಬ ಶೈಲಿ ಅಂತೀವಿ. ಅದು ದೊರೆಯ ಹೆಸರು.

– ಬೇಲೂರಿನಲ್ಲಿ ಹಾಗಲ್ಲ. ಮದನಿಕೆಯ ಕೆಳಗೆ ಬಳ್ಳಿಗಾವಿಯ ದಾಸೋಜ ಅಂತ ಕೊರೆದಿದೆ, ಅವನ ಬಿರುದೂ ಇದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಏಳೂವರೆ ನೂರು, ಒಂಬೈನೂರು ವರ್ಷದ ಹಿಂದೆ ಕನ್ನಡನಾಡಿನ ಕಸುಬಿನವರು ತಮ್ಮ ಕೆಲಸದ ಮೇಲೆ ಹೆಸರು ಹಾಕಿದರು, ಹಾಕೋಕೆ ದೊರೆ ಬಿಟ್ಟ. ನನ್ನ ಮಕ್ಕಳಿಗೆ ಇದನ್ನ ಹೇಳಿದಾಗ ಅವರು ಎದ್ದು ಕೂತರು. ಮೊದಲನೇ ದರ್ಜೆಯ ಕೆಲಸಕ್ಕೆ ಕೈಯ ಗುರುತು ಹಾಕೋದನ್ನ ನಾವು ಪ್ಯಾರಿಸ್ಸಿನಿಂದ ಕಲೀಬೇಕಾಗಿಲ್ಲ.

– ಹಾಗಾದರೆ ಏನು ಕಲೀಬೇಕು?

– ಕಲಿಯೋವಾಗಲೂ ಸಂಬಳ ಕೊಡೋದನ್ನ. ಹಳೇ ಸೀರೆ ರಿಪೇರಿಗೆ ವಾಪಸ್ಸು ತಗೊಳ್ಳೋದನ್ನ. ನಾನೊಂದು ಯೋಚನೆ ಇಟ್ಟುಕೊಂಡಿದೀನಿ, ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಶುದ್ಧ ಅಂತಷ್ಟೇ ಹೇಳುತ್ತೆ. ನಮ್ಮ ವಿದ್ಯಾರ್ಥಿಗಳು ಮೊಳಕಾಲ್ಮೂರಿನ ನಾಲ್ಕು ಮಗ್ಗದವರ ಜೊತೆ ಸೇರಿ, ಕಡಿಮೆ ಸಂಖ್ಯೆಯಲ್ಲಿ ಸೀರೆ ಮಾಡಿಸೋದು. ಸೆರಗಿನ ಒಳಮಗ್ಗುಲಲ್ಲಿ ಗೂಡು ಎಲ್ಲಿಯದು ಅಂತ ನೇಯಿಸೋದು. ಹೇಮಾವತಿ ಅಂತ.

– ಹೇಮಾವತಿ ಸೀರೆ ಉಡಲ್ಲ, ಹುಳು ಸಾಕಲ್ಲ. ಅದೂ ನೊಳಂಬ ಅಂದ ಹಾಗೇ ಆಯಿತು.

– ನಿಮ್ಮ ಹೆಸರು ಹಾಕಿಸಲಾ?

– ನನ್ನೊಬ್ಬನದು ಯಾಕೆ? ಹುಳು ಸಾಕಿದ್ದು ನಾನೊಬ್ಬನೇ ಅಲ್ಲ. ರಾತ್ರಿ ಸೊಪ್ಪು ಹಾಕಿದ್ದು ನಿಮ್ಮತ್ತೆ. ಹುಳು ಹಣ್ಣಾದಾಗ ಹೆಕ್ಕಿ, ಗೂಡು ಕಟ್ಟೋ ಚಂದ್ರಿಕೆಗೆ ಬಿಡೋರು ಕೇರಿಯ ಹೆಂಗಸರು. ಒಂದು ದಿನ ತಡವಾದರೆ ಹುಳು ನೂಲೆಲ್ಲ ಚೆಲ್ಲಿಬಿಡುತ್ತೆ, ಅದು ಅವರ ಕಣ್ಣಿಗೆ ಗೊತ್ತು. ಗೂಡಿನಿಂದ ನೂಲು ಬಿಚ್ಚಾಣಿಕೆ ಮಾಡೋರು ಕುದಿಯೋ ನೀರಿನಲ್ಲಿ ಬೆರಳು ಬೇಯಿಸಿಕೊಳ್ತಾರೆ, ಅವರ ಹೆಸರು ಯಾವ ಚೀಟಿಯಲ್ಲೂ ಇವತ್ತಿನತನಕ ಬಂದಿಲ್ಲ. ಹಾಕೋದಾದರೆ ಅವರಿಂದ ಶುರು ಮಾಡು.

– ಹಾಕಿಸ್ತೀನಿ. ಜಾಗ ಸಾಲದಿದ್ದರೆ ಸೀರೆಯ ಜೊತೆ ಒಂದು ಪುಟ್ಟ ಬಟ್ಟೆಯಲ್ಲಿ ನೇಯಿಸಿ ಕೊಡ್ತೀವಿ.

– ಹೆಸರು ಒಂದು ಕಡೆ ಇರಲಿ. ನನ್ನ ಷರತ್ತು ಇನ್ನೊಂದಿದೆ. ಚಾಕಿ ಹುಳು, ಅಂದರೆ ಎಳೇ ಹುಳು, ಮನೆಗೆ ಬರೋ ದಿನವೇ ಗೂಡಿನ ದರ ಬರೆದು ಕೊಡಬೇಕು. ಮಾರ್ಕೆಟ್ಟಿನಲ್ಲಿ ಅವತ್ತು ಏನೇ ಆಗಲಿ, ಚೀನಾದಿಂದ ಏನೇ ಬರಲಿ, ಆ ದರ ಕದಲಬಾರದು. ಮಾರ್ಕೆಟ್ಟು ಏರಿದರೂ ನಾನು ಜಾಸ್ತಿ ಕೇಳಲ್ಲ. ನೇಕಾರನಿಗೂ ಹಾಸು ಹಾಕೋ ದಿನವೇ ಮಜೂರಿ ಬರೆದು ಕೊಡು. ಲಿಯೋನಿನವರು ಕೇಳಿದ್ದು ಅದನ್ನೇ ಅಲ್ಲವಾ?

– ಅದನ್ನೇ. ಕಾಲೇಜಿನವರು ಒಪ್ತಾರೋ ಇಲ್ಲವೋ, ನಾನು ಒಪ್ಪಿಸೋಕೆ ನೋಡ್ತೀನಿ. ಮಾವ, ನನ್ನದೂ ಒಂದು ಕೇಳಿಕೆ. ಇಬ್ಬರು ಹುಡುಗಿಯರು, ವಿನ್ಯಾಸ ಓದ್ತಿರೋರು, ಒಂದು ಪೂರ್ತಿ ಬೆಳೆ ನಿಮ್ಮ ಜೊತೆ ಇದ್ದು ಕಲೀತಾರೆ. ಚಾಕಿಯಿಂದ ಮಾರ್ಕೆಟ್ಟಿನತನಕ.

– ಬರಲಿ. ಒಂದು ಬೆಳೆ ಸಾಲಲ್ಲ. ಬೇಸಿಗೆಯ ಬೆಳೆ ಬೇರೆ, ಮಳೆಗಾಲದ್ದು ಬೇರೆ, ಚಳಿಯದು ಬೇರೆ, ಮೂರೂ ನೋಡಬೇಕು. ಅವರ ಖರ್ಚು ಯಾರು ಕೊಡ್ತಾರೆ ಅನ್ನೋದನ್ನ ಮೊದಲು ಕಾಲೇಜಿನಲ್ಲಿ ಕೇಳಿಕೊಂಡು ಬಾ. ಕಲಿಯೋರಿಗೆ ಸಂಬಳ ಅಂತ ನೀನೇ ಹೇಳಿದೆ.